ಹಾಳೆಯ ಬೆನ್ನಿನಲ್ಲಿ ಕಂಡದ್ದು

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಆಮ್‌ಸ್ಟರ್‌ಡ್ಯಾಮಿನಲ್ಲಿ ಹಳೆಯ ನಕ್ಷೆಗಳನ್ನು ಮಾರುವ ಅಂಗಡಿಯೊಂದಕ್ಕೆ ಹೋಗಿದ್ದಾಗ, ಹದಿನೇಳನೇ ಶತಮಾನದ ಡಚ್ ನಕ್ಷೆಗಾರ ವಿಲ್ಲೆಮ್ ಬ್ಲೌ ಪ್ರಕಟಿಸಿದ ವಿಶ್ವಭೂಪಟದ ಬಿಡಿ ಹಾಳೆಯನ್ನು ಮುಟ್ಟಿ ನೋಡುವ ಅವಕಾಶ ಸಿಕ್ಕಿತು. ನೆಲ, ಕಡಲುಗಳಿಗಿಂತ ಮೊದಲು ಕಣ್ಣು ಅದರ ಅಂಚಿಗೇ ಹೋಯಿತು. ಮೇಲ್ಗಡೆ ಸೂರ್ಯ, ಚಂದ್ರ ಮತ್ತು ಐದು ಗ್ರಹಗಳು ದೇವತೆಗಳ ರೂಪದಲ್ಲಿ ರಥವೇರಿ ಹೊರಟಿದ್ದವು. ನಮ್ಮ ನವಗ್ರಹಗಳಲ್ಲಿ ರಾಹು ಕೇತುಗಳನ್ನು ಬಿಟ್ಟರೆ ಉಳಿಯುವ ಏಳೂ ಅಲ್ಲಿದ್ದವು. ಎಡಕ್ಕೆ ಬೆಂಕಿ, ಗಾಳಿ, ನೀರು, ಮಣ್ಣು ಎಂಬ ನಾಲ್ಕು ಭೂತಗಳು (ಆಕಾಶಕ್ಕೆ ಆ ಲೆಕ್ಕದಲ್ಲಿ ಜಾಗವಿಲ್ಲ), ಬಲಕ್ಕೆ ನಾಲ್ಕು ಋತುಗಳು, ಕೆಳಗೆ ಪ್ರಾಚೀನ ಜಗತ್ತಿನ ಏಳು ಅದ್ಭುತಗಳು.

ಯೋಸುವಾ ಫಾನ್ ಡೆನ್ ಎಂಡೆ ಎಂಬಾತ ತಾಮ್ರದ ತಗಡಿನ ಮೇಲೆ ಕೊರೆದ ಈ ಭೂಪಟ 1606ರ ಸುಮಾರಿಗೆ ಮೊದಲು ಬಿಡಿಯಾಗಿಯೇ ಮಾರಾಟವಾಯಿತು, ಆ ಪ್ರತಿಗಳು ಈಗ ಬಹಳ ಅಪರೂಪ. ಅದರ ಮೇಲೆ ವಿಲ್ಲೆಮ್ ಆಗ ಹಾಕಿಕೊಂಡಿದ್ದ ಹೆಸರು ಯಾನ್ಸೋನಿಯಸ್, ಅಂದರೆ ಯಾನನ ಮಗ. ಅದೇ ಊರಿನಲ್ಲಿ ಅದೇ ಕಸುಬಿನ ಯೊಹಾನೆಸ್ ಯಾನ್ಸೋನಿಯಸ್ ಬೆಳೆದು ನಿಂತಾಗ ಗಿರಾಕಿಗಳಿಗೆ ಗೊಂದಲವಾಗತೊಡಗಿತು; ಆಗ ವಿಲ್ಲೆಮ್ ತನ್ನ ಅಜ್ಜನ ಅಡ್ಡಹೆಸರಿನಿಂದ 'ಬ್ಲೌ' ಎಂಬುದನ್ನು ತೆಗೆದುಕೊಂಡು ತಗಡಿನ ಮೇಲಿನ ಹೆಸರನ್ನೇ ತಿದ್ದಿಸಿದ. ಉಪನಾಮದ ಕಾಲಂ ತುಂಬಲು ತಂದೆಯ ಹೆಸರು ಬರೆದು, ಈ ದೇಶದಲ್ಲಿ ಎಲ್ಲರಿಂದಲೂ ಅದೇ ಹೆಸರಿನಲ್ಲಿ ಕರೆಸಿಕೊಳ್ಳುವ ನನಗೆ ಅವನ ಪಾಡು ಚೆನ್ನಾಗಿಯೇ ಅರ್ಥವಾಯಿತು.

1630ರಿಂದ ಈ ಭೂಪಟ ಬ್ಲೌ ಮನೆತನದ ಅಟ್ಲಾಸುಗಳಲ್ಲಿ ಸೇರಿತು. 1662ರ ದೊಡ್ಡ ಅಟ್ಲಾಸಿನಲ್ಲಿ ಮಗ ಯೋನ್ ಬ್ಲೌ ಇದರ ಜಾಗದಲ್ಲಿ ಎರಡು ಗೋಳಾರ್ಧಗಳ ಹೊಸ ಭೂಪಟ ಹಾಕಿದ. ಲ್ಯಾಟಿನ್, ಡಚ್, ಫ್ರೆಂಚ್, ಜರ್ಮನ್ ಆವೃತ್ತಿಗಳಿಗೆಲ್ಲ ಮುಂಭಾಗದ ಚಿತ್ರ ಒಂದೇ ಆದ್ದರಿಂದ, ಬಿಡಿ ಹಾಳೆ ಯಾವ ಆವೃತ್ತಿಯದೆಂದು ತಿಳಿಯಲು ಬೆನ್ನಿನ ಬರಹವನ್ನೇ ನೋಡಬೇಕೆಂದು ಹೇಳಿ ಅಂಗಡಿಯವರು ಹಾಳೆಯನ್ನು ಮೆಲ್ಲಗೆ ಮಗುಚಿದರು. ಅಲ್ಲಿದ್ದದ್ದು ಫ್ರೆಂಚ್. ತಾಮ್ರದ ಕಿಲುಬಿನಿಂದ ಮಾಡಿದ ಹಸಿರು ಬಣ್ಣ ಕಾಗದವನ್ನು ತಿನ್ನುತ್ತಾ ಹಿಂಬದಿಗೂ ಕಂದಾಗಿ ಇಳಿದಿತ್ತು. ಅದು ಬಣ್ಣ ಹಳೆಯದೆಂಬುದಕ್ಕೆ ಗುರುತಂತೆ. ಅಕ್ಷರಗಳ ನಡುವೆ ಖಂಡಗಳ ಎಲ್ಲೆಗಳು ಕಂದು ಗೆರೆಗಳಾಗಿ ಕಾಣುತ್ತಿದ್ದವು, ಅಮೆರಿಕ ಬಲಕ್ಕೆ, ಏಷ್ಯಾ ಎಡಕ್ಕೆ. ತಗಡಿನ ಮೇಲೆ ಬಾಗಿ ಕೊರೆಯುತ್ತಿದ್ದವನು ದಿನವಿಡೀ ನೋಡಿದ್ದೂ ಹೀಗೆ ಎಡಬಲ ಅದಲುಬದಲಾದ ಜಗತ್ತನ್ನೇ.