ಲಿಫ್ಟ್ ರೋಪಿನಲ್ಲಿ ಕೆಂಪು ಪುಡಿ ಕಂಡರೆ

ಮುಂಬೈಯ ಮಾಟುಂಗಾದಲ್ಲಿ ನಮ್ಮದು ಏಳು ಮಹಡಿಯ ಹಳೇ ಕಟ್ಟಡ. ಮಳೆಗಾಲ ಮುಗಿದ ಮೇಲೆ ಮೆಕ್ಯಾನಿಕ್ ಜೊತೆ ಮಷಿನ್ ರೂಮಿಗೆ ಹೋಗಿದ್ದೆ. ರೋಪಿನ ಎಳೆಗಳ ಸಂದಿಯಲ್ಲಿ ಕುಂಕುಮದಂಥ ನುಣ್ಣನೆ ಪುಡಿ, ಮುಟ್ಟಿದರೆ ಬೆರಳಿಗೆ ಅಂಟಿತು. ಅದು ಬರೀ ಧೂಳಲ್ಲ. ರೋಪಿನ ನಡುವಿನ ಕತ್ತಾಳೆ ನಾರು ಎಣ್ಣೆ ಕಳೆದುಕೊಂಡು ಒಣಗಿದಾಗ, ತಂತಿಗೆ ತಂತಿ ಉಜ್ಜಿ ಬರುವ ತುಕ್ಕು ಅದು, ಹೊರಗಿನಿಂದ ನೋಡಿದರೆ ರೋಪು ಗಟ್ಟಿಯಾಗೇ ಕಾಣುತ್ತದೆ.

"ಎಣ್ಣೆ ಸುರಿದರೆ ಆಯ್ತು ಸಾರ್" ಅಂದರು ಕಮಿಟಿಯ ಒಬ್ಬರು. ದಯವಿಟ್ಟು ಹಾಗೆ ಮಾಡಬೇಡಿ! ರೋಪು ರಾಟೆಯನ್ನು ಹಿಡಿದುಕೊಳ್ಳುವುದರಿಂದಲೇ ಲಿಫ್ಟ್ ಏರುತ್ತದೆ, ಎಣ್ಣೆ ಜಾಸ್ತಿಯಾದರೆ ಜಾರುತ್ತದೆ. ಕಂಪನಿ ಹೇಳಿದ ಎಣ್ಣೆಯನ್ನೇ ತೆಳ್ಳಗೆ ಹಚ್ಚಬೇಕು.

ದಪ್ಪ ಅಳೆಯುವ ವರ್ನಿಯರ್ ಹಿಡಿದು ಅಳೆದೆವು. 13 ಮಿ.ಮೀ. ರೋಪು ಒಂದು ಕಡೆ 11.6ಕ್ಕೆ ಇಳಿದಿತ್ತು. ಬದಲಿಸಲೇಬೇಕು.

ಹೊಸದು ತರುವಾಗ ಅಗ್ಗಕ್ಕೆ ಸಿಕ್ಕಿತೆಂದು ಸುಮ್ನೆ ಯಾವುದೋ ತರಬೇಡಿ. ಮೊದಲಿದ್ದ ದಪ್ಪ, ಅದೇ ಹೆಣಿಗೆ ಇರಲಿ. ನಮ್ಮದು ಎಂಟು ಎಳೆ, ಒಂದೊಂದರಲ್ಲಿ 19 ತಂತಿ. ಕೆಟ್ಟಿದ್ದು ಒಂದೇ ರೋಪಾದರೂ ಪೂರ್ತಿ ಸೆಟ್ಟನ್ನೇ ಬದಲಿಸಿ. ಹೊಸದು ಹಿಗ್ಗುವಷ್ಟು ಹಳೆಯದು ಹಿಗ್ಗುವುದಿಲ್ಲ, ಭಾರ ಸಮನಾಗಿ ಹಂಚುವುದಿಲ್ಲ, ಅಲ್ವಾ? ಕೆಲವು ವಾರ ಬಿಟ್ಟು ಬಿಗಿತವನ್ನು ಮತ್ತೆ ಸರಿಮಾಡಿಸಿ. ನಮ್ಮದಕ್ಕೆ ಮುಂದಿನ ಶನಿವಾರ ಮೆಕ್ಯಾನಿಕ್ ಬರುತ್ತಾರೆ, ನಾನೂ ಜೊತೆಗೆ ಮೇಲೆ ಹೋಗುತ್ತೇನೆ.