ಕೈಯಲ್ಲೇ ಹಿಡಿಯುವ ದೊಡ್ಡ ಕ್ಯಾಮೆರಾ

ಯಾವ ಕ್ಯಾಮೆರಾ ಕೊಳ್ಳಲಿ ಎಂದು ಮೂರು ವಾರದಿಂದ ಇದೇ ಯೋಚನೆ. ಹಂಪಿಯ ಮಂಟಪಗಳನ್ನು 4 ಬೈ 5 ಇಂಚಿನ ಫಿಲ್ಮ್‌ನಲ್ಲಿ ವೈಡ್ ಆಗಿ, ಅಂದರೆ ಅಗಲ ನೋಟದಲ್ಲಿ ತೆಗೆಯುವ ಆಸೆ, ಆದರೆ ಅಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ಹಿಡಿಯುವಂಥದ್ದೇ ಆಗಬೇಕು. ಸ್ಪೀಡ್ ಗ್ರಾಫಿಕ್ ಎಂಬ ಹಳೆಯ ಕ್ಯಾಮೆರಾ ಇಷ್ಟವಾಗಿತ್ತು, ಆದರೆ ಹಿಂದೆ ಫಿಲ್ಮ್ ಮುಂದೆಯೇ ಸರಿಯುವ ಪರದೆ ಶಟರ್ ಇರುವುದರಿಂದ ಬಾಡಿ ದಪ್ಪ, ತುಂಬಾ ವೈಡ್ ಲೆನ್ಸ್ ಕೂರುವುದು ಕಷ್ಟ. ಅದರದ್ದೇ ಜಾತಿಯ ಕ್ರೌನ್ ಗ್ರಾಫಿಕ್‌ನಲ್ಲಿ ಆ ಶಟರ್ ಇಲ್ಲ, ತೂಕವೂ ಕಡಿಮೆ. 90 ಎಂಎಂ ಲೆನ್ಸ್ ಹಾಕಿ, ಲೆನ್ಸ್‌ನ ಕಿಂಡಿಯನ್ನು ಎಫ್16ಕ್ಕೆ ಕಿರಿದಾಗಿಸಿ 5 ಮೀಟರ್‌ಗೆ ಫೋಕಸ್ ಇಟ್ಟರೆ ಸುಮಾರು ಎರಡೂವರೆ ಮೀಟರ್‌ನಿಂದ ಆಚೆ ಬೆಟ್ಟದವರೆಗೂ ಸ್ಪಷ್ಟವಾಗಿ ಬರುತ್ತದೆ, ಪ್ರತಿ ಸಲ ಫೋಕಸ್‌ಗಾಗಿ ಹಿಂದಿನ ಮಸುಕು ಗಾಜು (ಗ್ರೌಂಡ್ ಗ್ಲಾಸ್) ನೋಡಬೇಕಾಗಿಲ್ಲ.

ಫಿಲ್ಮ್ ಇಡುವ ಚೌಕಟ್ಟಾದ ಹೋಲ್ಡರ್‌ಗೆ ಎರಡೇ ಶೀಟ್ ಫಿಲ್ಮ್. ಐದು ಹೋಲ್ಡರ್ ಒಯ್ದರೂ ಹತ್ತೇ ಚಿತ್ರ. ಅಷ್ಟೇ ಇದ್ದಾಗ ಒಂದು ಕಂಬದ ಮುಂದೆ ಎಷ್ಟು ಜಾಸ್ತಿ ಹೊತ್ತು ನಿಲ್ಲುತ್ತೇವೆ, ಅಲ್ವಾ? ಕ್ರೌನ್‌ಗೇ ದುಡ್ಡು ಕೂಡಿಡುತ್ತಿದ್ದೇನೆ.