ಸಗಾಯಿಂಗ್ ಫಾಲ್ಟ್ ಅಳತೆ: ಮೊದಲು ಮಂಡ್ಯದ ಮೇಲೆ ಪರೀಕ್ಷೆ

2025ರ ಮಾರ್ಚ್ 28ರಂದು ಮ್ಯಾನ್ಮಾರ್‌ನಲ್ಲಿ 7.7ರ ಭೂಕಂಪ ಆಯ್ತಲ್ಲ, ಆಗ ಸಗಾಯಿಂಗ್ ಫಾಲ್ಟ್ (ಅಲ್ಲಿನ ನೆಲದಲ್ಲಿರುವ ಉದ್ದನೆಯ ಬಿರುಕು) ಎಷ್ಟು ಜಾರಿತು ಅಂತ ಮಂಡ್ಯದ ಮನೆಯಲ್ಲೇ ಕೂತು ಅಳೆಯುವುದು ನನ್ನ ಈಗಿನ ಹುಚ್ಚು. ಯೂರೋಪಿನ ಸೆಂಟಿನೆಲ್ ಉಪಗ್ರಹಗಳ ಚಿತ್ರಗಳು ಪುಕ್ಕಟೆ ಸಿಗುತ್ತವೆ, ಉಳಿದದ್ದು ಪೈಥಾನ್ ಭಾಷೆಯಲ್ಲಿ ನಾನು ಬರೆದ ಕಂಪ್ಯೂಟರ್ ಕೋಡು.

ಸೆಂಟಿನೆಲ್-1ರ ರಾಡಾರ್ ಬೇಡ ಅಂದುಕೊಂಡೆ. ನೆಲ ತನ್ನ ಕಡೆ ಬಂತಾ, ದೂರ ಹೋಯ್ತಾ ಅನ್ನುವುದನ್ನು ಅದು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುತ್ತೆ, ನಿಜ. ಆದರೆ ಅದು ನೋಡುವುದು ಹೆಚ್ಚುಕಮ್ಮಿ ಪೂರ್ವ-ಪಶ್ಚಿಮವಾಗಿ. ಸಗಾಯಿಂಗ್ ಹಾದುಹೋಗಿರುವುದು ಉತ್ತರ-ದಕ್ಷಿಣ. ಪಶ್ಚಿಮದ ಬದಿ ಉತ್ತರಕ್ಕೆ ಜಾರಿದೆ, ಪೂರ್ವದ ಬದಿ ದಕ್ಷಿಣಕ್ಕೆ. ರಾಡಾರ್ ಕಣ್ಣಿಗೆ ಅದು ಬೀಳುವುದೇ ಕಮ್ಮಿ. ಅದಕ್ಕೇ ಸೆಂಟಿನೆಲ್-2ರ ಮಾಮೂಲಿ ಫೋಟೊ ಹಿಡಿದೆ. ಭೂಕಂಪಕ್ಕೆ ಮುಂಚಿನದೊಂದು, ಆಮೇಲಿನದೊಂದು. ಸಣ್ಣ ಸಣ್ಣ ಚೌಕ ಮಾಡಿ, ಒಂದರ ಮೇಲೊಂದಿಟ್ಟು ಸರಿಸುತ್ತಾ, ಎಲ್ಲಿ ಸರಿಯಾಗಿ ಕೂರುತ್ತೆ ನೋಡುವುದು. ಒಂದು ಪಿಕ್ಸೆಲ್ ಅಂದ್ರೆ 10 ಮೀಟರ್. ಅದರ ಹತ್ತನೇ ಒಂದು ಭಾಗ ಸರಿದಿದ್ದರೂ ಗೊತ್ತಾಗುತ್ತದೆ.

ನಂಬುವುದು ಹೇಗೆ? ಕೋಡನ್ನು ನಮ್ಮೂರಿನ ಮೇಲೇ ಓಡಿಸಿದೆ. ಇಲ್ಲಿ ನೆಲ ಜಾರಿಲ್ಲ, ಜಾರಿಕೆ ಸೊನ್ನೆ ಬರಬೇಕು ಅಲ್ವಾ? ಪೇಟೆ, ಮೈಸೂರು ಹೆದ್ದಾರಿ, ಕೆಆರ್‌ಎಸ್ ಕಟ್ಟೆ, ಎಲ್ಲಾ ಸೊನ್ನೆಯ ಹತ್ತಿರ. ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಬಂದರೆ ಮಾತ್ರ ಜಾರಿಕೆ ತೋರಿಸುವ ಬಾಣಗಳು ದಿಕ್ಕಾಪಾಲು. ಒಂದು ಫೋಟೊದಲ್ಲಿ ಆಳುದ್ದ ಕಬ್ಬು, ಇನ್ನೊಂದರಲ್ಲಿ ಬರೀ ಕೂಳೆ. ಕೋಡಿಗೆ ಗುರುತೇ ಹತ್ತುವುದಿಲ್ಲ. ಫಾಲ್ಟ್ ಪಕ್ಕದ ಮಂಡಲೆ ನಗರದ ಸುತ್ತಮುತ್ತಲೂ ನಾಲೆ, ಭತ್ತದ ಗದ್ದೆ. ಹಾಗಾಗಿ ಎಷ್ಟು ಹೊಂದಿಕೆ ಇದ್ದರೆ ಚೌಕವನ್ನು ಇಟ್ಟುಕೊಳ್ಳಬೇಕು, ಎಷ್ಟಕ್ಕಿಂತ ಕಮ್ಮಿ ಇದ್ದರೆ ಬಿಸಾಕಬೇಕು ಅನ್ನುವ ಗೆರೆಯನ್ನು ಇಲ್ಲಿನ ಕಬ್ಬಿನ ಗದ್ದೆ ನೋಡಿಯೇ ಎಳೆದೆ.

ಈಗ ಮಂಡಲೆಯ ದಕ್ಷಿಣಕ್ಕೆ ಫಾಲ್ಟ್ ಎದ್ದು ಕಾಣುತ್ತಿದೆ. ಆಚೆ-ಈಚೆ 3 ಮೀಟರ್ ಆಸುಪಾಸು ವ್ಯತ್ಯಾಸ. ತಾಳೆ ನೋಡೋಣ ಅಂತ ಉದ್ದ 460 ಕಿ.ಮೀ., ಆಳ 15 ಕಿ.ಮೀ., ಸರಾಸರಿ ಜಾರಿಕೆ 2.5 ಮೀಟರ್, ಬಂಡೆಯ ಬಿಗಿತ 30 ಗಿಗಾಪಾಸ್ಕಲ್ ಹಾಕಿ ಗುಣಿಸಿ, ಬಂದದ್ದನ್ನು ಭೂಕಂಪದ ಪ್ರಮಾಣದ ಲಾಗ್ ಸೂತ್ರಕ್ಕೆ ಹಾಕಿದೆ. ಬಂದ ಪ್ರಮಾಣ 7.74! ಸುಮ್ನೆ ಒಂದು ಅಂದಾಜು, ಆದರೂ ಖುಷಿಯಾಯ್ತು.

ಫೋಟೊ ಹೇಳುವುದು ಕೊನೆಗೆ ಎಷ್ಟು ಜಾರಿತು ಅನ್ನುವುದನ್ನು ಮಾತ್ರ. ಎಷ್ಟು ಬೇಗ ಅನ್ನುವುದು ಅದರಲ್ಲಿಲ್ಲ. ಅಲ್ಲಿನ ಸಿಸಿಟಿವಿ ವಿಡಿಯೊ ಅಳೆದ ಕ್ಯೋಟೊ ವಿಶ್ವವಿದ್ಯಾಲಯದವರು ಒಂದು ಕಡೆ 1.3 ಸೆಕೆಂಡಿನಲ್ಲಿ 2.5 ಮೀಟರ್ ಅಂದಿದ್ದಾರೆ. ವೇಗ ತಿಳಿಯಲು ನಾನು ಮ್ಯಾನ್ಮಾರ್ ರಾಜಧಾನಿ ನೇಪಿಡಾದ ಭೂಕಂಪ ಮಾಪನ ಸ್ಟೇಷನ್ನಿನ ಕಂಪನದ ದಾಖಲೆ ತೆಗೆದುಕೊಂಡಿದ್ದೇನೆ. ವೇಗೋತ್ಕರ್ಷವನ್ನು ಎರಡು ಸಲ ಇಂಟಿಗ್ರೇಟ್ ಮಾಡಿದರೆ (ಕ್ಷಣಕ್ಷಣದ್ದನ್ನೂ ಕೂಡಿಸುತ್ತಾ ಹೋದರೆ) ದೂರ ಬರಬೇಕು, ಪುಸ್ತಕದಲ್ಲಿ. ಯಂತ್ರ ಕೂದಲೆಳೆಯಷ್ಟು ವಾಲಿದರೂ ಗ್ರಾಫು ಎಲ್ಲಿಗೋ ಏರಿಬಿಡುತ್ತೆ. ಅದರ ಕೊನೆಯನ್ನು ಫೋಟೊದ ಅಳತೆಗೆ ಕಟ್ಟಿ ನಿಲ್ಲಿಸುವುದು ಮುಂದಿನ ಕೆಲಸ.